ಗುದ್ದಣ್ಣ ಮತ್ತು ಸುಮ್ಮನಿರದ ರೂಟರ್

ಗುದ್ದಣ್ಣ ಮಹಾಶೂರ. ಮಾತು ಕೇಳದ ಮಾನಿಟರಿಗೆ ಕಪಾಳಮೋಕ್ಷ, ಮುನಿಸಿಕೊಂಡ ಪ್ರಿಂಟರಿನ ಪಕ್ಕೆಗೆ ಎರಡು ಒದೆತ. ಇಪ್ಪತ್ತು ವರ್ಷ ಅವನು ಕಚೇರಿಗಳ ನೆಟ್‌ವರ್ಕ್ ರಿಪೇರಿ ಮಾಡಿದ್ದೇ ಹೀಗೆ. ಹೆತ್ತವರು ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಎದುರಾಳಿಗಳಿಗೆ ಕೈಯಿಲ್ಲದ ಕಾರಣ ಒಂದು ಕಾಳಗವನ್ನೂ ಅವನು ಸೋತಿರಲಿಲ್ಲ.

ಕೈಯಿದ್ದವರು ಸಿಕ್ಕಿದ್ದು ಮಾಂಸ ಕತ್ತರಿಸುವ ಕಾರ್ಖಾನೆಯಲ್ಲಿ.

ಅಲ್ಲಿದ್ದದ್ದು ಒಂದೇ ಫೋನ್ ಲೈನು, ಅದಕ್ಕೇ ಒಂದು ರೂಟರ್. ಯಾವುದಾದರೂ ಕಂಪ್ಯೂಟರಿಗೆ ಮುಖ್ಯ ಕಚೇರಿಯೊಡನೆ ಮಾತಿದ್ದರೆ ರೂಟರ್ ತಾನೇ ಡಯಲ್ ಮಾಡಬೇಕು. ನಾಲ್ಕು ನಿಮಿಷ ಯಾರೂ ತುಟಿ ಬಿಚ್ಚದಿದ್ದರೆ ಫೋನ್ ಇಡಬೇಕು. ಆದರೆ ಒಂದು ತಿಂಗಳಿಂದ ಕೆಲಸವಿರಲಿ ಬಿಡಲಿ, ಐದು ನಿಮಿಷಕ್ಕೊಮ್ಮೆ ಅದು ಡಯಲ್ ಮಾಡುತ್ತಿತ್ತು. ಲೈನು ಖಾಲಿಯಿರುತ್ತಿದ್ದದ್ದು ನಡುವಿನ ಒಂದೇ ಒಂದು ನಿಮಿಷ.

ಬುಧವಾರ ಮೇಸ್ತ್ರಿಯ ತಮ್ಮನ ಕೈ ಗರಗಸಕ್ಕೆ ಸಿಕ್ಕಿತು. ನೆಲದ ಮೇಲೆ ಎಂದಿನಂತೆ ರಕ್ತ, ಆದರೆ ಈ ಸಲ ಮನುಷ್ಯನದು. ಆಂಬುಲೆನ್ಸಿಗೆಂದು ಫೋನ್ ಎತ್ತಿದರೆ ಒಳಗೆ ರೂಟರಿನ ಕಿರುಚಾಟ. ಕೊನೆಗೆ ಅವನನ್ನು ಮಾಂಸದ ಗಾಡಿಯಲ್ಲೇ ಮಲಗಿಸಿ ಆಸ್ಪತ್ರೆಗೆ ತಳ್ಳಿಕೊಂಡು ಓಡಿದರು. ಜೀವ ಉಳಿಯಿತು, ಮೂರು ಬೆರಳು ಉಳಿಯಲಿಲ್ಲ.

ಮರುದಿನ ಗುದ್ದಣ್ಣ ಬಂದಾಗ ಮೇಸ್ತ್ರಿ ಬಾಗಿಲಲ್ಲೇ ಕತ್ತಿ ಮಸೆಯುತ್ತಿದ್ದ.

“ಯಾರು ಫೋನ್ ಮಾಡಿಸ್ತಿರೋದು ಅಂತ ಹುಡುಕಿಕೊಡು. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಯಾವುದೋ ಮೆಷಿನ್ನಿನ ತಪ್ಪಿರಬಹುದು, ಮೇಸ್ತ್ರಿ.”

“ಮೆಷಿನ್ನಿಗೆ ಉದುರಿಸೋಕೆ ಹಲ್ಲಿರಲ್ಲ ಕಣಯ್ಯಾ. ನನಗೆ ಹಲ್ಲಿರೋನು ಬೇಕು.”

ಒಳಗೆ ಕಾಲಿಡುವಷ್ಟರಲ್ಲೇ ಹಲ್ಲಿದ್ದವನೊಬ್ಬ ಸಿಕ್ಕಿದ. ಕಡ್ಡಿಯಂಥ ಗುಮಾಸ್ತ, ಮೇಸ್ತ್ರಿಯ ಎಡಗೈಯಲ್ಲಿ ಕೊರಳಪಟ್ಟಿ ಕೊಟ್ಟು ತುದಿಗಾಲಲ್ಲಿ ನಿಂತಿದ್ದ. ಕಂಪ್ಯೂಟರಿನ ಮುಂದೆ ಕೂರುವವನು ಅವನೊಬ್ಬನೇ. ಅಷ್ಟೇ ಸಾಕ್ಷಿ.

“ಯಾವಳ ಹತ್ರ ಹರಟೆ ಹೊಡೀತಿದ್ದೆ, ಬೊಗಳೋ!”

“ನನ್ನ ಹೆಂಡತೀನೇ ನನ್ಹತ್ರ ಮಾತಾಡಲ್ಲ, ಮೇಸ್ತ್ರಿ!”

ಮೇಸ್ತ್ರಿ ಅವನನ್ನು ಒಮ್ಮೆ ಗೋಡೆಗೆ ಅಪ್ಪಳಿಸಿದ. ಸುಣ್ಣ ಉದುರಿತು.

ಗುದ್ದಣ್ಣ ಅವಸರದಿಂದ ರೂಟರಿನ ಬಾಯಿ ಬಿಡಿಸಲು ಕೂತ. ಪ್ರತಿ ಸಲ ಡಯಲ್ ಮಾಡುವಾಗಲೂ ಯಾವ ಯಂತ್ರದ ಮಾತಿಗೆ ಮಾಡಿದೆ ಎಂದು ತೆರೆಯ ಮೇಲೆ ತೋರಿಸಲು ಹೇಳಿದ. ಸ್ವಲ್ಪ ಹೊತ್ತಿಗೇ ಉತ್ತರ ಬಂತು: ಹದಿನೇಳನೇ ನಂಬರ್. ಗುಮಾಸ್ತನದು ಮೂರು, ತೂಕದ ಯಂತ್ರದ್ದು ಐದು. ಹದಿನೇಳು ಯಾವುದೆಂದು ಯಾರಿಗೂ ಗೊತ್ತಿಲ್ಲ. ವೈರು ಹಿಡಿದುಕೊಂಡೇ ಹೋದ. ಶೀತಲ ಕೋಣೆ ದಾಟಿ, ನೇತಾಡುವ ತೊಡೆಗಳ ನಡುವೆ ನುಸುಳಿ, ಗೋಣಿಚೀಲಗಳ ಹಿಂದೆ ಇಣುಕಿದ.

ಅಲ್ಲೊಂದು ಹಳೆಯ ಕಂಪ್ಯೂಟರ್. ಅದನ್ನಿಟ್ಟವನು ಅವನೇ! ಹಿಂದಿನ ತಿಂಗಳು ಬಂದಾಗ, ಲೈನು ಆರೋಗ್ಯವಾಗಿದೆಯೋ ಇಲ್ಲವೋ ನೋಡೋಣವೆಂದು, ಐದು ನಿಮಿಷಕ್ಕೊಮ್ಮೆ ಮುಖ್ಯ ಕಚೇರಿಯನ್ನು “ಇದ್ದೀಯಾ?” ಎಂದು ಕೇಳಲು ಅದಕ್ಕೆ ಹೇಳಿದ್ದ. ಹಾಗೆ ಕೇಳಲು ರೂಟರ್ ಪ್ರತಿ ಸಲವೂ ಡಯಲ್ ಮಾಡಬೇಕೆಂಬುದು ಆ ಮಹಾಶೂರನಿಗೆ ಹೊಳೆದಿರಲಿಲ್ಲ.

ವೈರನ್ನು ಇಲಿ ಕಚ್ಚಿದೆ ಎಂದರೆ ಮುಗಿಯುತ್ತಿತ್ತು. ಆದರೆ ಇಲಿಯ ಹಲ್ಲಿಗೆ ಮೇಸ್ತ್ರಿ ಸಮಾಧಾನಪಡುವವನಲ್ಲ. ಅತ್ತ ಗೋಡೆ ಮತ್ತೊಮ್ಮೆ ಧಡ್ ಎಂದಿತು.

“ನಿಲ್ಸಿ!” ಗುದ್ದಣ್ಣ ಓಡಿ ಬಂದ. “ಅವನಲ್ಲ. ನಾನು.”

ನಡೆದದ್ದನ್ನೆಲ್ಲ ಹೇಳಿದ. ಮೇಸ್ತ್ರಿ ಗುಮಾಸ್ತನನ್ನು ಕೆಳಗೆ ಬಿಟ್ಟು ಇತ್ತ ಹೆಜ್ಜೆಯಿಟ್ಟ.

“ತಡೀರಿ. ಅದನ್ನ ಕಿತ್ತು ಬಂದಿದ್ದೀನಿ. ಹದಿನೈದು ನಿಮಿಷ ನೋಡಬೇಕು. ಇನ್ನೊಂದು ಕಡೆಯಿಂದ್ಲೂ ಹೋಗ್ತಿದ್ರೆ? ನನ್ನ ಕೈ ಮುರಿದ ಮೇಲೆ ಸರಿ ಮಾಡೋರ್ಯಾರು?”

ಕೆಲಸಗಾರನ ಮಾತು ಕೆಲಸಗಾರನಿಗೆ ಅರ್ಥವಾಯಿತು. ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ. ರಕ್ತದ ಏಪ್ರನ್ನಿನ ಆರು ಜನ ಸುತ್ತ ನಿಂತು ರೂಟರಿನ ದೀಪವನ್ನೇ ದಿಟ್ಟಿಸಿದರು. ಐದು ನಿಮಿಷ, ದೀಪ ಹತ್ತಲಿಲ್ಲ. ಹತ್ತು ನಿಮಿಷ, ಹತ್ತಲಿಲ್ಲ. ಹದಿನೈದು, ಆಗಲೂ ಇಲ್ಲ. ಕೈಯಾರೆ ಮಾಡಿದ ರಿಪೇರಿ ಇಷ್ಟು ಚೊಕ್ಕವಾಗಿ ಫಲಿಸಿದ್ದಕ್ಕೆ ಗುದ್ದಣ್ಣ ದುಃಖಪಟ್ಟದ್ದು ಅದೇ ಮೊದಲು.

“ಆಯ್ತಾ?”

“ಆಯ್ತು, ಮೇಸ್ತ್ರಿ. ಸರಿಹೋಯ್ತು.”

ಮೇಸ್ತ್ರಿ ಕತ್ತಿಯನ್ನು ಪಕ್ಕಕ್ಕಿಟ್ಟು ಬರಿಗೈಯಲ್ಲೇ ಶುರುಮಾಡಿದ. ಮೂರು ಬೆರಳಿಗೆ ಮೂರು ಏಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೂಗು ಎಡಕ್ಕೆ ಹೊರಳಿತು, ಒಂದು ದವಡೆ ಹಲ್ಲು ಮೇಜಿನ ಕೆಳಗೆ ಉರುಳಿತು.

ಗುದ್ದಣ್ಣ ಗೋಡೆ ಹಿಡಿದು ಎದ್ದು, ಮುಗಿಯಿತೆಂದುಕೊಂಡ. ಆಗ ಗುಮಾಸ್ತ ಮುಂದೆ ಬಂದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಮಾಂಸದ ರಸೀದಿಗಳ ಮೇಲೆ ಜೀವಮಾನವಿಡೀ ಮುದ್ರೆ ಗುದ್ದಿದ ಬಲಗೈ ಅದು. ಮೇಲೆದ್ದು ಗುದ್ದಣ್ಣನ ಮುಖಕ್ಕೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ನಿಲ್ಲುವ ಲಕ್ಷಣವೇ ಇಲ್ಲ.

“ಲೋ, ಬಿಡೋ, ಸತ್ತೋಗ್ತಾನೆ!” ಎಂದು ಕೂಗುತ್ತಾ ಕೊನೆಗೆ ಮೇಸ್ತ್ರಿಯೇ ಗುಮಾಸ್ತನನ್ನು ಸೊಂಟ ಹಿಡಿದು ಎಳೆಯಬೇಕಾಯಿತು.