ಗಡಿ ದಾಟಿದ ಹಿಟ್ಟು

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ‘ತೆರಿಗೆ’ ಅನ್ನುತ್ತಿದ್ದೆ. ನಾವಿಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು, ಇಬ್ಬರೂ ಹಿಟ್ಟು ಅರೆಯುವ ಗ್ರೈಂಡರ್ ಮಾರುವವರು. ನನ್ನ ಅಂಗಡಿ ಮೈಸೂರಿನ ವಿಜಯನಗರದಲ್ಲಿ. ಅವನದು ಊಟಿ ದಾರಿಯಲ್ಲಿ ಗಡಿ ದಾಟಿದ ಮೇಲೆ ಸಿಗುವ ತಮಿಳುನಾಡಿನ ಪೇಟೆಯಲ್ಲಿ. ಅದೇ ಕಂಪನಿ, ಅದೇ ಕಲ್ಲು. ಆದರೆ ತೊಂಬತ್ತರ ದಶಕದಲ್ಲಿ ಅಲ್ಲಿ ಗ್ರೈಂಡರಿನ ಮೇಲಿನ ಮಾರಾಟ ತೆರಿಗೆ ನಮ್ಮಲ್ಲಿಗಿಂತ ಕಡಿಮೆ ಇತ್ತು. ಮಾವ ಒಬ್ಬನೇ ಆದರೂ ಸರ್ಕಾರ ಬೇರೆ ಬೇರೆ.

ಶನಿವಾರ ನಮ್ಮಲ್ಲಿ ಗ್ರೈಂಡರ್ ಓಡಿಸಿ ತೋರಿಸುವ ಪದ್ಧತಿ. ನೆನೆಸಿದ ಉದ್ದನ್ನು ಹೆಂಡತಿ ಮನೆಯಿಂದ ತಂದು ಎಲ್ಲರೆದುರು ಅರೆಯುತ್ತಿದ್ದಳು. ಬಡಾವಣೆಯ ಹೆಂಗಸರು ಸುತ್ತ ನಿಂತು, ಹಿಟ್ಟನ್ನು ಬೆರಳಲ್ಲಿ ಮುಟ್ಟಿ, ನೂರೆಂಟು ಪ್ರಶ್ನೆ ಕೇಳಿ, ಕೊನೆಗೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು. “ಒಸಿ ಹಿಟ್ಟು ಕೊಡಿ, ಮನೇಲಿ ದೋಸೆ ಹಾಕಿ ನೋಡ್ತೀವಿ.” ಭಾನುವಾರ ಅವರ ಸಂಸಾರ ಊಟಿಗೆ ಹೋಗುತ್ತಿತ್ತು. ವಾಪಸು ಬರುವಾಗ ಕಾರಿನ ಡಿಕ್ಕಿಯಲ್ಲಿ ಷಡ್ಡಕನ ಗ್ರೈಂಡರ್ ಇರುತ್ತಿತ್ತು.

ಒಮ್ಮೆ ಪಕ್ಕದ ಗೋಕುಲಂ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿ ಅಂಥದೇ ಗ್ರೈಂಡರನ್ನು ನನ್ನ ಹತ್ತಿರ ರಿಪೇರಿಗೆ ತಂದರು. ಕಲ್ಲು ಅಲ್ಲಾಡುತ್ತಿರಲಿಲ್ಲ. ನಡುವಿನ ಕಂಬಿಯ ಸುತ್ತ ಹಿಟ್ಟು ಒಣಗಿ ಗಾರೆಯಾಗಿತ್ತು.

“ಹೊಸ ಗ್ರೈಂಡರಿಗೆ ಇಷ್ಟು ಹಿಟ್ಟು ಹೆಂಗ್ರಮ್ಮ?”

“ಚೆಕ್‌ಪೋಸ್ಟಲ್ಲಿ ಹೊಸದು ಅಂತ ತೆರಿಗೆ ಕೇಳ್ತಾರೇನೋ ಅಂತ ಹೆದರಿ ಮೆತ್ತಿಬುಟ್ವಿ ಕಣ್ರೀ. ಹಳೇದು ಅನ್ಕೊಂಡು ಬಿಟ್ರು.” ಆಮೇಲೆ ಸ್ವಲ್ಪ ನಾಚಿಕೊಂಡು, “ನಿಮ್ಮಂಗ್ಡೀದೇ ಹಿಟ್ಟು” ಅಂದರು.

ಹೊಟ್ಟೆ ಉರಿದುಹೋಯಿತು. ನನ್ನ ಉದ್ದು, ನನ್ನ ಕರೆಂಟು, ನನ್ನ ಹೆಂಡತಿಯ ಕೈ. ಅದೆಲ್ಲ ಬಂಡೀಪುರದ ಕಾಡು ದಾಟಿ ಹೋಗಿ ಅವನ ವ್ಯಾಪಾರಕ್ಕೆ ದಾರಿ ಮಾಡಿಕೊಡುತ್ತಿತ್ತು! ಇನ್ನು ಯಾರಿಗೂ ಹಿಟ್ಟು ಕೊಡಬೇಡ ಎಂದು ಹೆಂಡತಿಗೆ ಹೇಳಿದೆ. “ಡಬ್ಬಿ ಒಡ್ಡಿದೋರಿಗೆ ಇಲ್ಲ ಅನ್ನಕ್ಕೆ ನನ್ ಕೈಲಾಗಲ್ಲ, ನೀವೇ ಹೇಳ್ಕಳಿ” ಅಂದಳು. ಆ ವರ್ಷ ಹಬ್ಬಕ್ಕೆ ಮಾವನ ಮನೆಗೆ ನಾವು ಬಸ್ಸಿನಲ್ಲಿ ಹೋದೆವು, ಷಡ್ಡಕ ಕಾರಿನಲ್ಲಿ ಬಂದ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. “ಅಣ್ಣ, ನಿಮ್ ಮೈಸೂರಿನೋರು ಬಾಳ ಒಳ್ಳೇವ್ರು ಕಣಣ್ಣ” ಅಂದ. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಹೀಗೇ ನಡೆದರೆ ಅಂಗಡಿಗೆ ಬಾಗಿಲು ಹಾಕುವುದೊಂದೇ ದಾರಿ. ಎರಡು ಕಡೆಯೂ ದರ ಒಂದಾಗಲಿ, ಆಗ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ವರ್ಷಗಟ್ಟಲೆ ಕಾದೆ. ಕೊನೆಗೆ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂತು, ಮೊದಲು ನಮ್ಮಲ್ಲಿ, ಆಮೇಲೆ ಅವರಲ್ಲಿ. ಗ್ರೈಂಡರಿನ ಬೆಲೆ ಅಲ್ಲಿಗೂ ಇಲ್ಲಿಗೂ ಹೆಚ್ಚುಕಡಿಮೆ ಸಮವಾಯಿತು. ಅಂದು ಅಂಗಡಿಗೆ ಮಾವಿನ ತೋರಣ ಕಟ್ಟಿದೆ.

ಮುಂದಿನ ಶನಿವಾರ ಅದೇ ಗೋಕುಲಂನ ಅಮ್ಮ ಬಂದರು. ಮಗಳಿಗೆ ಗ್ರೈಂಡರ್ ಬೇಕಂತೆ. ಎಲ್ಲವನ್ನೂ ನೋಡಿದರು, ಹಿಟ್ಟು ಮುಟ್ಟಿದರು, ಡಬ್ಬಿ ತೆಗೆದರು.

“ಪ್ಯಾಕ್ ಮಾಡ್ಸನಾ?”

“ಬ್ಯಾಡಿ, ಮುಂದಿನ ವಾರ ಊಟಿ ಕಡೆ ಹೋಯ್ತೀವಿ. ಅಲ್ಲೇ ತಗತೀವಿ.”

“ಈಗ ತೆರಿಗೆ ಎಲ್ಲಾ ಕಡೆ ಒಂದೇ ಅಲ್ವೇನಮ್ಮ?”

“ಒಂದೇ ಕಣ್ರೀ. ಆದ್ರೆ ಅವರು ಕೂರಿಸಿ, ನಗ್ತಾ ಮಾತಾಡಿಸ್ತಾರೆ. ನೀವು ತೋರಿಸ್ತಾ ಇರೋವಾಗ್ಲೇ ‘ಇವಳು ತಗಳಲ್ಲ’ ಅನ್ನೋ ಹಂಗೆ ನೋಡ್ತೀರ.”

“ಮತ್ತೆ ಡಬ್ಬಿ ಯಾಕೆ? ಈಗ ಮೆತ್ತೋ ಹಂಗಿಲ್ವಲ್ಲ!” ಅಂತ ರೇಗಿದೆ.

“ಇದು ದೋಸೆಗೆ. ನಿಮ್ಮನೆಯವರು ಅರೆದ ಹಿಟ್ಟು ಅಂದ್ರೆ ನಮ್ಮನೇಲಿ ಎಲ್ಲರಿಗೂ ಪ್ರಾಣ.”

ಹೆಂಡತಿ ಮುಖವರಳಿಸಿ ಡಬ್ಬಿಯನ್ನು ಅಂಚಿನವರೆಗೂ ತುಂಬಿಸಿದಳು. ಅವತ್ತು ನನಗೆ ಅವಳನ್ನು ಕಂಡೂ ಹೊಟ್ಟೆಕಿಚ್ಚಾಯಿತು.