ಹುಣಸೆಮರ ಬಿಟ್ಟು ಅಳೆದ ಸೈಟು

ಆ ಕಾದಂಬರಿಗೆ ಅರವತ್ತು ರೂಪಾಯಿ ಕೊಟ್ಟೆ. ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ. ಸೊಪ್ಪು ಕೊಂಡರೂ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಳ್ಳದೆ ಬಿಟ್ಟವಳಲ್ಲ ನಾನು. ಆದರೆ ಆ ಪುಸ್ತಕ ಓದು ಎಂದಿದ್ದು ನನ್ನ ಗಿರಾಕಿ.

ತೊಂಬತ್ತರ ದಶಕದ ಕೊನೆ. ವೈಟ್‌ಫೀಲ್ಡ್ ಕಡೆ ಕಂಪನಿಗಳು ಏಳುತ್ತಿದ್ದವು. ಬಾಡಿಗೆ ಮನೆ ಹುಡುಕಿಕೊಡುತ್ತಿದ್ದ ನಾನು ಸೈಟು ಮಾರಿಸುವ ಬ್ರೋಕರ್ ಆಗಿದ್ದೆ. ಬ್ರೂಕ್‌ಫೀಲ್ಡ್‌ನಲ್ಲಿ ಬಾಡಿಗೆಗಿದ್ದ ಧಾರವಾಡದ ಲೆಕ್ಚರರ್ ಮೇಡಂಗೆ ಸೈಟು ಬೇಕಿತ್ತು. ಅವರ ಮನೆಯಲ್ಲಿ ಭಾನುವಾರ ನಾಲ್ಕೈದು ಹೆಂಗಸರು ಸೇರಿ ಕಾದಂಬರಿ ಓದಿ ಮಾತಾಡುತ್ತಿದ್ದರು. “ನೀವೂ ಬರ್ರಿ, ಪುಸ್ತಕ ಓದ್ಕೊಂಡು ಬರ್ರಿ” ಎಂದರು. ಗಿರಾಕಿ ಕರೆದರೆ ಹೋಗದೆ ಇರಲಾಗುತ್ತದೆಯೇ?

ಮಹದೇವಪುರದ ಆಚೆ ಒಬ್ಬರ ಹೊಲದ ತುಂಡು ಅವರಿಗೆ ಹಿಡಿಸಿತ್ತು. ಮೂಲೆಯಲ್ಲಿ ದೊಡ್ಡ ಹುಣಸೆಮರ, ಅದನ್ನು ಕಡಿಸಿ ಕೊಡುವುದೆಂದು ಮಾತಾಗಿತ್ತು. ತೊಡಕು ಇದ್ದುದು ಮಾಲೀಕರ ತಂಗಿಯ ಸಹಿಯಲ್ಲಿ. ನಮ್ಮ ಕಡೆ ತವರಿನ ಜಮೀನು ಮಾರುವಾಗ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಆಕೆ ನಾನು ಒಯ್ದ ಸೀರೆ ವಾಪಸು ಕಳಿಸಿದಳು. ರೇಷ್ಮೆ ಒಯ್ದೆ, ಅದೂ ವಾಪಸು ಬಂತು. ಆ ಕಮಿಷನ್ ನಂಬಿ ಮೇನ್ ರೋಡಿನಲ್ಲಿ ಸ್ವಂತ ಆಫೀಸಿಗೆ ಒಂದು ಅಂಗಡಿ ನೋಡಿಟ್ಟಿದ್ದೆ. ಸಹಿ ಬೀಳದಿದ್ದರೆ ಅದೂ ಕೈತಪ್ಪುತ್ತಿತ್ತು.

ಇನ್ನು ಕಾದಂಬರಿ. ಅದರ ನಾಯಕ ಒಂದು ಗುಡ್ಡ ಕೊಂಡು, ಕಾಡು ಸವರಿ, ತೋಟ ಮಾಡಿ ಮೇಲೆ ಬರುತ್ತಾನೆ. ನಡುವೆ ಮದುವೆಯಾಗುತ್ತಾನೆ. ನನಗೆ ಬಹಳ ಮೆಚ್ಚಿಗೆಯಾದ. ಸ್ವಂತ ಕಾಲ ಮೇಲೆ ನಿಂತವನು.

“ಪರಿಸರ ಸ್ತ್ರೀವಾದ ಅಂತ ಒಂದು ನೋಟ ಐತ್ರಿ” ಎಂದರು ಮೇಡಂ. “ನೆಲಾನೂ ಹೆಂಗಸನ್ನೂ ಹೆಂಗ ಒಂದೇ ರೀತಿ ಸ್ವಂತ ಮಾಡ್ಕೋತಾರ ಅಂತ ನೋಡೋದು. ಇವ ಗುಡ್ಡ ಹೊಗಳಿದ ಮಾತು, ಹೆಂಡ್ತೀನ ಹೊಗಳಿದ ಮಾತು, ಅದಲು ಬದಲು ಮಾಡಿ ಓದ್ರಿ.”

ಓದಿದೆವು. ಎಲ್ಲೂ ಎಡವಲಿಲ್ಲ. ಯಾರೂ ಮುಟ್ಟದವಳು, ಬಿತ್ತಿದ್ದನ್ನು ಬೆಳೆಯುವವಳು, ಎದುರು ಮಾತಾಡದವಳು: ಎರಡಕ್ಕೂ ಸರಿಹೋಯಿತು.

“ಆದ್ರೂ ಮೇಡಂ, ಒಳ್ಳೆ ರೇಟಿಗೆ ತಗೊಂಡಿದಾನೆ” ಎಂದೆ.

“ನೀವೇನು ಕಡಿಮಿ ಏನ್ರಿ? ‘ಮದುಮಗಳ ಹಾಗಿದೆ ನೋಡಿ, ಬೇಗ ಒಪ್ಕೊಳ್ಳಿ, ಬೇರೆಯವರೂ ನೋಡ್ಕೊಂಡು ಹೋಗಿದಾರೆ’ ಅಂತ ನನಗ ಸೈಟ್ ತೋರಿಸಿದೋರು ಯಾರು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಕಸುಬಿನವರೆಲ್ಲ ಆಡುವ ಮಾತದು. ಮೇಡಂ ಮಾತ್ರ ಪುಸ್ತಕ ಮುಚ್ಚಿ, “ಇಷ್ಟೆಲ್ಲ ನಡೆಯೋವಾಗ ಇವನ ಹೆಂಡ್ತೀನ ಒಬ್ಬರರ ಏನರ ಕೇಳ್ಯಾರೇನು?” ಎಂದರು.

ಬಸ್ಸಿನಲ್ಲಿ ಪುಟ ತಿರುವಿದೆ. ಎಲ್ಲೂ ಯಾರೂ ಕೇಳಿರಲಿಲ್ಲ. ಹಾಗೆ ಹುಡುಕುತ್ತಲೇ ಮಾಲೀಕರ ತಂಗಿ ನೆನಪಾದಳು. ಅವಳಿಗೆ ನಾವು ಸೀರೆ ಬದಲಾಯಿಸಿದ್ದೆವೇ ಹೊರತು ಏನನ್ನೂ ಕೇಳಿರಲಿಲ್ಲ.

ಮರುದಿನ ಬರಿಗೈಲಿ ಚಿಕ್ಕಬಾಣಾವರಕ್ಕೆ ಅವಳ ಮನೆಗೆ ಹೋದೆ.

“ಈ ಸಲ ಯಾವ್ ಬಣ್ಣ ತಂದಿದ್ದೀಯವ್ವ?” ಎಂದಳು ಬಾಗಿಲಲ್ಲೇ.

“ಸೀರೆ ತಂದಿಲ್ಲ ಅಕ್ಕ. ನಿಮಗೇನು ಬೇಕು ಅಂತ ಕೇಳೋಕೆ ಬಂದೆ.”

ಒಳಗೆ ಕರೆದು ಕೂರಿಸಿದಳು. “ಆ ಉಣ್ಸೆಮರ ನಮ್ಮವ್ವ ನೆಟ್ಟಿದ್ದು. ವರ್ಸಾ ವರ್ಸಾ ಓಗಿ ಉದುರುಸ್ಕೊಂಡ್ ಬತ್ತೀನಿ. ಅದ್ನೇ ಕಡುದ್ರೆ ತವ್ರಿಗ್ ಯಾಕ್ ಓಗ್ಲಿ, ಅಣ್ಣನ್ ಮಕ ನೋಡಾಕಾ?”

“ಅಣ್ಣನಿಗೆ ಹೇಳಬಾರದಿತ್ತಾ?”

“ಯೋಳಕ್ಕೆ ಅವ್ನೆಲ್ಲಿ ಕೇಳ್ದ? ಸೀರೆ ಇಡ್ಕೊಂಡ್ ನಿನ್ನ ಕಳುಸ್ದ.”

ಅಲ್ಲಿಂದ ಮುಂದೆ ನನಗೆ ಗೊತ್ತಿದ್ದ ಕೆಲಸ. ಮರ ಮತ್ತು ಅದರ ನೆರಳು ಬೀಳುವಷ್ಟು ಜಾಗ ತಂಗಿಯ ಹೆಸರಿಗೆ, ಉಳಿದದ್ದು ಮೇಡಂಗೆ.

“ಮರಕ್ಕೆ ಯಾರಾದ್ರೂ ಜಾಗ ಬಿಡ್ತಾರಾ?” ಎಂದು ಅಣ್ಣ ಗೊಣಗಿದರು.

“ಬಿಡದಿದ್ರೆ ಸೈನೂ ಇಲ್ಲ, ವ್ಯಾಪಾರಾನೂ ಇಲ್ಲ. ಯೋಚ್ನೆ ಮಾಡಿ ಅಣ್ಣ” ಎಂದೆ.

ಮೇಡಂಗೆ ಜಾಗ ಕಡಿಮೆಯಾಯಿತು. ಆದರೂ, “ನೆರಳು ಪುಕ್ಕಟೆ ಸಿಕ್ತಲ್ರಿ” ಎಂದರು. ಪುಕ್ಕಟೆ ಎಂದದ್ದು ಕೇಳಿ, ಆ ನೆರಳಿಗೂ ಸ್ವಲ್ಪ ರೇಟು ಹಾಕಬಹುದಿತ್ತಲ್ಲ ಎನಿಸಿತು. ತಂಗಿ ಬಂದು ಸಹಿ ಹಾಕಿದಳು. ಸೀರೆ ಬೇಡವೆಂದವಳು ಅರಿಶಿನ ಕುಂಕುಮ ಮಾತ್ರ ಕೇಳಿ ಪಡೆದಳು. ನನಗೆ ಅಂಗಡಿ ಸಿಕ್ಕಿತು. ಮುಂದಿನ ಬೇಸಿಗೆಯಲ್ಲಿ ಅವಳು ಹಣ್ಣು ಉದುರಿಸಲು ಬಂದಾಗ ಮೇಡಂ ಮನೆಗೆ ಪಾಯ ಬಿದ್ದಿತ್ತು. ಹೋಗುವಾಗ ನನ್ನ ಆಫೀಸಿನ ಮೇಜಿನ ಮೇಲೆ ಹುಣಸೆಹಣ್ಣು ಇಟ್ಟು ಹೋದಳು. ಆ ವರ್ಷ ನಮ್ಮನೆ ಸಾರಿಗೆ ಹುಳಿ ಕೊಳ್ಳಲಿಲ್ಲ.

ಜಾಗ ಕೊಳ್ಳುವವರಿಗೆ ನನ್ನ ಮಾತಿಷ್ಟೆ: ಅಡ್ವಾನ್ಸ್ ಕೊಡುವ ಮೊದಲು ಆ ಮನೆಯ ಹೆಣ್ಣುಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ತಿಳಿದು, ಬರಿಗೈಲಿ ಹೋಗಿ ಮಾತಾಡಿಸಿ. ಕೈಯಲ್ಲಿ ಸೀರೆ ಇದ್ದರೆ ಅವರ ಮಾತು ಹೊರಗೆ ಬರುವುದಿಲ್ಲ. ಕಾದಂಬರಿ ಓದುವವರು ನೆಲ ಕೈ ಬದಲಾಗುವ ಪುಟಗಳಿಗೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಯಾವ ಹೆಂಗಸನ್ನು ಕೇಳಿದರು ನೋಡಿ. ಮತ್ತೆ, ಕೇಳಿದರೆ ಪುಸ್ತಕದಂಗಡಿಯಲ್ಲೂ ಹತ್ತು ಪರ್ಸೆಂಟ್ ಬಿಡುತ್ತಾರಂತೆ. ನನಗೆ ತಡವಾಗಿ ಗೊತ್ತಾಯಿತು. ನೀವು ಕೇಳಿ.