ತರಗತಿಯ ಹೊರಗಿನ ಅಕ್ಕ

ವಿಟ್ಲದಲ್ಲಿ ಸಂಜೆ ಹೊತ್ತು ಹದಿಹರೆಯದವರನ್ನು ಕೂಡಿಸಿಕೊಂಡು ಅವರ ಮಾತು ಕೇಳುತ್ತಿದ್ದ ಅಕ್ಕ ಅವರು. ಶಿಕ್ಷಕಿಯಲ್ಲ. ಯಾರಾದರೂ ತಡವರಿಸಿದರೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, "ನಿಧಾನ ಹೇಳು, ನಾನು ಇದ್ದೇನೆ" ಎನ್ನುವರು.

ಶಿಕ್ಷಣ ಸುಧಾರಣೆಯ ಬಗ್ಗೆ ಶಾಸಕರು ಬಂಟ್ವಾಳದಲ್ಲಿ ಸಭೆ ಕರೆದಾಗ, ಇಂಥ ಕೆಲಸಕ್ಕೂ ಅದರಲ್ಲಿ ಜಾಗ ಕೇಳಲು ಅಕ್ಕ ಹೊರಟರು. ಜೊತೆಗೆ ನಾನೂ ಹೋದೆ. ಸರದಿ ಬಂದಾಗ ಅವರು ಮೈಕ್ ಹಿಡಿದರು. ಎರಡು ಮಾತು ಆಡುವಷ್ಟರಲ್ಲಿ ಫೋನ್ ಬಂತು. ಕೇಳುತ್ತಲೇ ಅವರು ಶಾಸಕರ ಕಡೆ ತಿರುಗಿದರು.

"ಕ್ಷಮಿಸಿ ಸರ್, ನಾನು ಉಜಿರೆಗೆ ಹೋಗ್ಬೇಕು. ಪಿಯುಸಿ ಫೇಲಾದ ಹುಡುಗಿಯೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಅಳ್ತಾ ಕೂತಿದ್ದಾಳೆ. ಮನೆಗೆ ಹೋಗುದಿಲ್ಲ ಅಂತಾಳೆ."

"ಅದಕ್ಕೆ ಕಾಲೇಜಿನವರು ಇಲ್ವಾ?" ಎಂದರು ಶಾಸಕರು.

"ಇದ್ದಾರೆ ಸರ್. ಆದರೆ ಅವಳು ಫೋನ್ ಮಾಡಿದ್ದು ನನಗೆ."

ಅಷ್ಟು ಹೇಳಿ ಅಕ್ಕ ಮೈಕ್ ಕೆಳಗಿಟ್ಟು ಹೊರಟರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ನಾನು ಇದ್ದೇನೆ, ನಾನು ಇದ್ದೇನೆ" ಎನ್ನುತ್ತಲೇ ಇದ್ದರು. ನಾವು ಇಳಿದಾಗ ಹುಡುಗಿ ಅಲ್ಲೇ ಕೂತಿದ್ದಳು. ಅವಳನ್ನು ಅಪ್ಪಿಕೊಂಡ ಮೇಲೆಯೇ ಅಕ್ಕ ಅತ್ತದ್ದು.

ಕೆಲವು ವಾರಗಳ ನಂತರ ಶಾಸಕರು ಸರ್ಕಾರಕ್ಕೆ ಕಳಿಸುವ ಶಿಫಾರಸಿನಲ್ಲಿ, ಯುವಜನರ ನಡುವಿನ ಕೆಲಸವನ್ನೂ ಶಿಕ್ಷಣವೆಂದು ಗುರುತಿಸಬೇಕೆಂಬ ಒಂದು ಸಾಲು ಸೇರಿತು. ನಾನು ಅದನ್ನು ಸಂಭ್ರಮದಿಂದ ಓದಿ ಹೇಳಿದೆ. ಅಕ್ಕ ನಗಲಿಲ್ಲ.

"ಬೆಂಗಳೂರಿಗೆ ಮುಟ್ಟುವಾಗ ಅದನ್ನು ತೆಗೀಲಿಕ್ಕಿಲ್ಲ ಅಲ್ವಾ?" ಎಂದರು.